ರೋಮಿನ ಬೀದಿಯಿಂದ ವಂಗದ ಹಳ್ಳಿಗೆ

ಪರದೇಶದ ಚಲಚ್ಚಿತ್ರವೊಂದು ನೋಡಿದವನ ಬಾಳನ್ನೇ ತಿರುಗಿಸಬಲ್ಲುದೆ? ಸತ್ಯಜಿತ್ ರಾಯರ ವೃತ್ತಾಂತವನ್ನು ಬಲ್ಲ ವಾಚಕರು ಇಲ್ಲವೆನ್ನಲಾರರು. ಕಲಕತ್ತೆಯ ಜಾಹೀರಾತು ಕಚೇರಿಯೊಂದರಲ್ಲಿ ಚಿತ್ರಕಾರರಾಗಿದ್ದ ಅವರು 1950ರಲ್ಲಿ ಉದ್ಯೋಗನಿಮಿತ್ತ ಲಂಡನ್ನಿಗೆ ತೆರಳಿ, ಕೆಲವೇ ತಿಂಗಳಲ್ಲಿ ನೂರರ ಸಮೀಪ ಚಿತ್ರಗಳನ್ನು ನೋಡಿದರು. ಅವುಗಳೊಳಗೆ ಮನಸ್ಸನ್ನು ಸೆರೆಹಿಡಿದುದು ಇಟಲಿಯ ದೆ ಸೀಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್'.

ಅದರ ಕಥೆಯಾದರೂ ಎಷ್ಟು! ಯುದ್ಧಾನಂತರದ ರೋಮಿನಲ್ಲಿ, ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆತ ಬಡವನೊಬ್ಬನ ಬೈಸಿಕಲ್ಲು ಕಳುವಾಗುತ್ತದೆ, ಅವನೂ ಎಳೆಯ ಮಗನೂ ಊರೆಲ್ಲ ಅಲೆಯುತ್ತಾರೆ, ಅದು ಸಿಕ್ಕುವುದಿಲ್ಲ. ತಂದೆಯ ಪಾತ್ರ ವಹಿಸಿದವನು ನಟನಲ್ಲ, ಕಾರ್ಖಾನೆಯ ಕೂಲಿಕಾರ.

ವಿಭೂತಿಭೂಷಣರ 'ಪಥೇರ್ ಪಾಂಚಾಲಿ'ಯ ಮಕ್ಕಳ ಸಂಗ್ರಹಕ್ಕೆ ರಾಯರು ಮೊದಲೇ ಚಿತ್ರ ಬರೆದಿದ್ದರು. ಹೆಸರಾಂತ ನಟರಿಲ್ಲದೆ, ನಿಜವಾದ ಬಯಲಿನಲ್ಲಿಯೇ ಅದನ್ನು ತೆರೆಗೆ ತರಬಹುದೆಂಬ ಧೈರ್ಯ ಈಗ ಹುಟ್ಟಿತು. ಮರಳುವ ಹಡಗಿನಲ್ಲಿಯೇ ರೂಪರೇಖೆ ಬರೆದರು. ಮರುವರ್ಷ ಇಟಲಿಯ ಚಿತ್ರಗಳ ಮೇಲೊಂದು ಲೇಖನ ಬರೆದು, ನಮ್ಮ ನಿರ್ದೇಶಕರಿಗೆ ಹಾಲಿವುಡ್ಡಿನ ಡೆಮಿಲ್ ಅಲ್ಲ, ದೆ ಸೀಕಾ ಆದರ್ಶನಾಗಬೇಕೆಂದು ವಾದಿಸಿದರು.

ಇಲ್ಲೊಂದು ಸಂಗತಿ ವಿಚಾರಣೀಯವಾಗಿದೆ. ರಾಯರು ಬೆಳೆದುದು ಕಲಕತ್ತೆಯಲ್ಲಿ. ಹಳ್ಳಿಯ ಬಾಳು ಅವರಿಗೂ ಹೊಸದು. ರೋಮಿನ ಬಡವನು ಅವರನ್ನು ಕರೆದೊಯ್ದುದು ಸ್ವಂತ ಬಾಲ್ಯದ ನೆನಪಿಗಲ್ಲ, ತಾವು ಅರಿಯದಿದ್ದ ನೆರೆಯವರ ಅಂಗಳಕ್ಕೆ. ಪರದೇಶದ ಕೃತಿಯಲ್ಲಿ ತಮ್ಮನ್ನೇ ಕಂಡೆವೆನ್ನುವವರು ಈ ಭೇದವನ್ನು ಗಮನಿಸುವುದು ವಿರಳ.

ಜೀವವಿಮೆಯ ಮೇಲೆ ಸಾಲ ತೆಗೆದು, 1952ರ ಅಕ್ಟೋಬರಿನಲ್ಲಿ ಕಾಶಹುಲ್ಲಿನ ಬಯಲಿನಲ್ಲಿ ಚಿತ್ರೀಕರಣಕ್ಕೆ ತೊಡಗಿದರು. ವಾರ ಕಳೆದು ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದಿದ್ದವು. ಉಳಿದ ಭಾಗಕ್ಕೆ ಮರುವರ್ಷದ ಶರತ್ಕಾಲದವರೆಗೆ ಕಾಯಬೇಕಾಯಿತು.