ಪೆರುಂಗುಡಿ: ಪಟ್ಟಣ ಪಂಚಾಯಿತಿಯಿಂದ ಐಟಿ ಕಾರಿಡಾರ್‌ಗೆ, ಮತದಾರರ ಒಲವು ಯಾರತ್ತ?

ಚೆನ್ನೈನ ಓಎಂಆರ್ ರಸ್ತೆಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಪೆರುಂಗುಡಿ ಹೊಸ ಹೆಸರಲ್ಲ. ಐಟಿ ಕಚೇರಿಗಳು, ಅಪಾರ್ಟ್‌ಮೆಂಟ್‌ಗಳು, ನೀರಿನ ಟ್ಯಾಂಕರ್‌ಗಳ ಓಡಾಟ ಇಲ್ಲಿನ ದಿನನಿತ್ಯದ ನೋಟ. ಆದರೆ 2011ರವರೆಗೆ ಇದು ಚೆನ್ನೈ ಪಾಲಿಕೆಯ ಭಾಗವೇ ಆಗಿರಲಿಲ್ಲ. ಕಾಂಚೀಪುರಂ ಜಿಲ್ಲೆಯ ಒಂದು ಪಟ್ಟಣ ಪಂಚಾಯಿತಿಯಾಗಿತ್ತು. ಊರು ನಗರವಾದಾಗ ಮತದಾನದ ರೀತಿಯೂ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪೆರುಂಗುಡಿ ಒಳ್ಳೆಯ ಉದಾಹರಣೆ.

ಪಾಲಿಕೆಗೆ ಸೇರಿದ್ದು ಯಾವಾಗ?

2011ರಲ್ಲಿ ಸುತ್ತಲಿನ 42 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಂಡು ಚೆನ್ನೈ ಪಾಲಿಕೆಯನ್ನು ವಿಸ್ತರಿಸಲಾಯಿತು. 174 ಚದರ ಕಿ.ಮೀ. ಇದ್ದ ವ್ಯಾಪ್ತಿ 426 ಚದರ ಕಿ.ಮೀ.ಗೆ ಏರಿತು. ವಾರ್ಡ್‌ಗಳ ಸಂಖ್ಯೆ 200 ಆಯಿತು. ಪೆರುಂಗುಡಿ 14ನೇ ವಲಯದ ಕೇಂದ್ರವಾಯಿತು. ಜಿಲ್ಲೆಯ ಲೆಕ್ಕದಲ್ಲಿ ಈ ಭಾಗ ಚೆನ್ನೈಗೆ ಸೇರಿದ್ದು ಮಾತ್ರ 2018ರಲ್ಲಿ.

ಆದರೆ ನಗರದ ಕಸ ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿಗೆ ಬರುತ್ತಿತ್ತು. ಪಳ್ಳಿಕರಣೈ ಜೌಗು ಪ್ರದೇಶದ ಅಂಚಿನಲ್ಲಿರುವ ಪೆರುಂಗುಡಿ ಕಸದ ಗುಡ್ಡೆ ಚೆನ್ನೈನ ಎರಡು ದೊಡ್ಡ ಕಸ ವಿಲೇವಾರಿ ಜಾಗಗಳಲ್ಲಿ ಒಂದು. 2022ರ ಏಪ್ರಿಲ್‌ನಲ್ಲಿ ಇಲ್ಲಿ ಬಿದ್ದ ಬೆಂಕಿಯ ಹೊಗೆ ಸುತ್ತಲಿನ ಬಡಾವಣೆಗಳನ್ನು ಆವರಿಸಿತ್ತು.

ವಿಧಾನಸಭೆ, ಲೋಕಸಭೆಯಲ್ಲಿ ಗೆದ್ದವರು

ಪೆರುಂಗುಡಿ ಶೋಳಿಂಗನಲ್ಲೂರು ವಿಧಾನಸಭಾ ಕ್ಷೇತ್ರ ಹಾಗೂ ಚೆನ್ನೈ ದಕ್ಷಿಣ ಲೋಕಸಭಾ ಕ್ಷೇತ್ರದ ವ್ಯಾಪ್ತಿಗೆ ಬರುತ್ತದೆ. 2021ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದ ಶೋಳಿಂಗನಲ್ಲೂರು ತಮಿಳುನಾಡಿನ ಅತಿದೊಡ್ಡ ವಿಧಾನಸಭಾ ಕ್ಷೇತ್ರವಾಗಿತ್ತು.

* 2011 ವಿಧಾನಸಭೆ: ಕೆ.ಪಿ. ಕಂದನ್ (ಎಐಎಡಿಎಂಕೆ)
* 2016 ಮತ್ತು 2021 ವಿಧಾನಸಭೆ: ಎಸ್. ಅರವಿಂದ್ ರಮೇಶ್ (ಡಿಎಂಕೆ)
* 2014 ಲೋಕಸಭೆ: ಜೆ. ಜಯವರ್ಧನ್ (ಎಐಎಡಿಎಂಕೆ)
* 2019 ಮತ್ತು 2024 ಲೋಕಸಭೆ: ತಮಿಳಚ್ಚಿ ತಂಗಪಾಂಡಿಯನ್ (ಡಿಎಂಕೆ)

ಒಂದೇ ಪಕ್ಷಕ್ಕೆ ಅಂಟಿಕೊಂಡ ಕ್ಷೇತ್ರ ಇದಲ್ಲ ಎಂಬುದು ಈ ಪಟ್ಟಿಯಿಂದ ಸ್ಪಷ್ಟ. 2024ರಲ್ಲಿ ಬಿಜೆಪಿಯ ತಮಿಳಿಸೈ ಸೌಂದರರಾಜನ್ ಎರಡನೇ ಸ್ಥಾನಕ್ಕೆ ಬಂದರೆ, ಎಐಎಡಿಎಂಕೆಯ ಜಯವರ್ಧನ್ ಮೂರನೇ ಸ್ಥಾನಕ್ಕೆ ಇಳಿದರು. ಡಿಎಂಕೆಯ ಗೆಲುವಿನ ಅಂತರ ಎರಡು ಲಕ್ಷ ಮತಗಳನ್ನು ದಾಟಿತ್ತು.

ಐದು ವರ್ಷ ಕಾರ್ಪೊರೇಟರ್ ಇಲ್ಲ!

2011ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2016ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮೀಸಲಾತಿ ಕುರಿತ ತಕರಾರಿನ ಹಿನ್ನೆಲೆಯಲ್ಲಿ ಆಗ ನಡೆಯಬೇಕಿದ್ದ ಚುನಾವಣೆಯನ್ನು ಮದ್ರಾಸ್ ಹೈಕೋರ್ಟ್ ರದ್ದುಪಡಿಸಿತು. ಮುಂದಿನ ಮತದಾನ ನಡೆದದ್ದು 2022ರ ಫೆಬ್ರವರಿ 19ರಂದು. 2019ರ ಭೀಕರ ನೀರಿನ ಬವಣೆಯ ಹೊತ್ತಿನಲ್ಲಿ ಇಲ್ಲಿನ ಜನರಿಗೆ ದೂರು ಹೇಳಿಕೊಳ್ಳಲು ವಾರ್ಡ್‌ನ ಪ್ರತಿನಿಧಿಯೇ ಇರಲಿಲ್ಲ.

2022ರಲ್ಲಿ ಡಿಎಂಕೆ 200ರಲ್ಲಿ 153 ವಾರ್ಡ್ ಗೆದ್ದಿತು. ಎಐಎಡಿಎಂಕೆ 15ಕ್ಕೆ ಕುಸಿಯಿತು. ಆರ್. ಪ್ರಿಯಾ ಚೆನ್ನೈನ ಮೊದಲ ದಲಿತ ಮಹಿಳಾ ಮೇಯರ್ ಆದರು.

ಮತ ಹಾಕುವವರು ಎಷ್ಟು ಜನ?

ಮುಖ್ಯ ಪ್ರಶ್ನೆ ಇರುವುದೇ ಇಲ್ಲಿ. 2022ರ ಆ ಚುನಾವಣೆಯಲ್ಲಿ ತಮಿಳುನಾಡಿನ ಪಟ್ಟಣ ಪಂಚಾಯಿತಿಗಳಲ್ಲಿ ಸುಮಾರು ಶೇ. 75ರಷ್ಟು ಮತದಾನವಾಯಿತು. ಚೆನ್ನೈ ಪಾಲಿಕೆಯಲ್ಲಿ ಅದು ಶೇ. 44ನ್ನೂ ಮುಟ್ಟಲಿಲ್ಲ. ಚಿಕ್ಕ ಊರಿನಲ್ಲಿ ಅಭ್ಯರ್ಥಿ ಪರಿಚಿತ, ಪಂಚಾಯಿತಿ ಕಚೇರಿ ಹತ್ತಿರ. ಪಾಲಿಕೆಯಲ್ಲಿ ಒಂದೊಂದು ವಾರ್ಡ್ ಕೂಡ ಒಂದು ಪಟ್ಟಣದಷ್ಟು ದೊಡ್ಡದು. ಜತೆಗೆ ಕೆಲಸಕ್ಕೆಂದು ಬಂದ ಅನೇಕರ ಹೆಸರು ಹುಟ್ಟೂರಿನ ಮತದಾರರ ಪಟ್ಟಿಯಲ್ಲೇ ಉಳಿದಿರುತ್ತದೆ.

ಬೆಂಗಳೂರಿನ ಕತೆಯೂ ಬೇರೆಯಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಚೆನ್ನೈ ದಕ್ಷಿಣದಲ್ಲಿ ಸುಮಾರು ಶೇ. 54, ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53 ಮತದಾನವಾಗಿತ್ತು. ಅದೇ ಚುನಾವಣೆಯಲ್ಲಿ ಮಂಡ್ಯ ಮತ್ತು ಧರ್ಮಪುರಿ ಶೇ. 81 ದಾಟಿದ್ದವು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರಿಗರೂ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಕಳೆದರು.

ಮತದಿಂದ ಏನಾಗುತ್ತದೆ?

ಓಎಂಆರ್‌ನ ಪೆರುಂಗುಡಿ ಟೋಲ್ ಇದಕ್ಕೆ ಉತ್ತರ. ಟೋಲ್ ತೆಗೆಯಬೇಕೆಂಬುದು ಈ ಭಾಗದ ಬಹುಕಾಲದ ಬೇಡಿಕೆಯಾಗಿತ್ತು. 2021ರ ಚುನಾವಣೆ ಮುಗಿದ ಕೆಲವೇ ತಿಂಗಳಲ್ಲಿ, ಆಗಸ್ಟ್ 30ರಿಂದ ಇಲ್ಲಿ ಶುಲ್ಕ ವಸೂಲಿ ನಿಂತಿತು. ಒಳಚರಂಡಿ, ಕುಡಿಯುವ ನೀರು, ಕಸದಂಥ ವಿಷಯಗಳಲ್ಲಿ ಒತ್ತಡ ತರಬೇಕಾದರೆ ಮತ ಇದ್ದಲ್ಲಿ ಮಾತ್ರ ಮಾತಿಗೆ ಬೆಲೆ.

ಪೆರುಂಗುಡಿಯಲ್ಲಿ ನೆಲೆಸಿರುವ ಕನ್ನಡಿಗರು ಚುನಾವಣಾ ಆಯೋಗದ ನಮೂನೆ 8 ತುಂಬಿ ತಮ್ಮ ಹೆಸರನ್ನು ಇಲ್ಲಿನ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬಹುದು. ಮೊದಲ ಬಾರಿ ಹೆಸರು ಸೇರಿಸುವವರಿಗೆ ನಮೂನೆ 6 ಇದೆ. ಹಾಗೆ ವರ್ಗಾಯಿಸಿಕೊಂಡರೆ ಊರಿನ ಮತ ಹೋಗುತ್ತದೆ. ಎರಡು ಕಡೆ ಹೆಸರು ಇರುವಂತಿಲ್ಲ.