ಗಾರೆಯೂ ಒಂದು ಶಾಸನ

ನಾಡಿನ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಶಾಸನಗಳತ್ತ ತಿರುಗುವುದು ಸಹಜ. ದಾನಿ ಯಾರು, ಕಾಲ ಯಾವುದು, ದತ್ತಿ ಎಷ್ಟು ಎಂಬುದನ್ನು ಕಲ್ಲಿನ ಮೇಲಣ ಅಕ್ಷರಗಳು ತಿಳಿಸುತ್ತವೆ. ಆದರೆ ಕಟ್ಟಿದವನ ಕೈಕೆಲಸದ ಸುದ್ದಿಯನ್ನು ಅವು ಹೇಳುವುದು ವಿರಳ. ಆ ಸುದ್ದಿ ಅಡಗಿರುವುದು ಇಟ್ಟಿಗೆ-ಕಲ್ಲುಗಳ ಸಂದಿನ ಗಾರೆಯಲ್ಲಿ. ಅದನ್ನು ಓದದೆ ಜೀರ್ಣೋದ್ಧಾರಕ್ಕೆ ಕೈಹಾಕುವುದು ಹಳೆಯ ಓಲೆಗರಿಯನ್ನು ಓದದೆಯೇ ಅದರ ಮೇಲೆ ಹೊಸದಾಗಿ ಕೊರೆದಂತೆ.

ಬಂಧಕದ್ರವ್ಯಗಳ ವಿಚಾರ ನಮ್ಮ ಪ್ರಾಚೀನರಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬೇಲದ ಎಳೆಗಾಯಿ, ಬೂರುಗದ ಹೂ ಮೊದಲಾದವನ್ನು ನೀರಿನಲ್ಲಿ ಎಂಟನೆಯ ಒಂದು ಪಾಲು ಉಳಿಯುವಂತೆ ಕುದಿಸುವ ಕ್ರಮವನ್ನು ಹೇಳುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಎಮ್ಮೆಯ ಚರ್ಮವನ್ನು ಬೇಯಿಸಿ ಪಡೆದ ವಜ್ರಲೇಪವನ್ನು ಚಿತ್ರಭಿತ್ತಿಯ ಲೇಪಕ್ಕೆ ಬಳಸುವ ವಿವರವಿದೆ. ಶರಣರ ಅನುಭಾವಕ್ಕೆ ನೆಲೆಯಾದ ಕಲ್ಯಾಣವೇ, ಅದಕ್ಕೆ ಕೆಲವೇ ದಶಕಗಳ ಹಿಂದೆ ಇಂತಹ ಕುಶಲವಿದ್ಯೆಯ ದಾಖಲೆಗೂ ನೆಲೆಯಾಗಿದ್ದುದು ಗಮನಾರ್ಹ.

ಗ್ರಂಥದ ಮಾತು ಒಂದಾದರೆ ಗೋಡೆಯ ಸಾಕ್ಷ್ಯ ಇನ್ನೊಂದು. ಹಂಪೆಯ ವಿರೂಪಾಕ್ಷ ದೇವಾಲಯದ ಪೂರ್ವಗೋಪುರ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ-ಗಾರೆ. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲದೆ ನಿಂತ ಆ ಗುಮ್ಮಟವನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಿಡಿದಿಟ್ಟಿವೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟಿನಲ್ಲಿಯೂ ಬಳಕೆಯಾದುದು ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯೇ.

ಈ ಗಾರೆಯ ಮರ್ಮವೇನು? ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ಇಂಗಾಲಾಮ್ಲ ಅನಿಲ ಹೊರಟುಹೋಗಿ, ಶುದ್ಧವಾದ 100 ಪಾಲು ಕಲ್ಲಿನಲ್ಲಿ 56 ಪಾಲು ಸುಟ್ಟ ಸುಣ್ಣ ಉಳಿಯುತ್ತದೆ. ಅದು ನೀರು ಕುಡಿದು ಅರಳಿ, ಮರಳಿನೊಡನೆ ಬೆರೆತು ಗಾರೆಯಾಗಿ, ಗಾಳಿಯಲ್ಲಿನ ಅದೇ ಅನಿಲವನ್ನು ಮರಳಿ ಹೀರಿ ಮತ್ತೆ ಕಲ್ಲಾಗುತ್ತದೆ. ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ ಸೇರಿದರೆ ಸುಣ್ಣವು ಅದರ ಸಿಲಿಕಾಂಶದೊಡನೆ ಸಂಯೋಗಗೊಂಡು ನೀರಿನಲ್ಲಿಯೂ ಗಟ್ಟಿಯಾಗುತ್ತದೆ.

ಇದನ್ನು ಪ್ರಯೋಗದಿಂದ ಅರಿಯುವ ಹಾದಿಯನ್ನು ತೆರೆದವರಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ಪ್ರಮುಖನು. 1756ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭದ ಕೆಲಸ ಕೈಗೊಂಡಾಗ ಅವನು ಬಗೆಬಗೆಯ ಸುಣ್ಣದ ಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದ ಜೇಡಿಯ ಅಂಶವುಳ್ಳ ಸುಣ್ಣವೇ ನೀರಿನಲ್ಲಿ ಗಟ್ಟಿಯಾಗುತ್ತದೆಂದು ಕಂಡುಕೊಂಡನು.

ಇಂದಿನ ಪರೀಕ್ಷೆಯ ಮೊದಲ ಹೆಜ್ಜೆಯೂ ಬಹುಮಟ್ಟಿಗೆ ಅದೇ. ದುರಸ್ತಿಯಾಗದ ಭಾಗದಿಂದ ಮಾದರಿಯನ್ನು ತೆಗೆದು, ಸ್ಥಳವನ್ನು ಗುರುತಿಸಿ, ಒಣಗಿಸಿ ತೂಗಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಗಟ್ಟಿಗೊಂಡ ಸುಣ್ಣ ನೊರೆಯೆದ್ದು ಕರಗುತ್ತದೆ. ಮರಳೂ ಇಟ್ಟಿಗೆಪುಡಿಯೂ ಉಳಿಯುತ್ತವೆ. ನಿದರ್ಶನಕ್ಕೆ, 10 ಗ್ರಾಂ ಮಾದರಿಯಲ್ಲಿ 7 ಗ್ರಾಂ ಉಳಿಯಿತೆನ್ನೋಣ. ಕರಗಿದ 3 ಗ್ರಾಂ ಅನಿಲವನ್ನು ಹೀರಿ ತೂಕವೇರಿದ ಸುಣ್ಣ. ಕಲಸುವಾಗ ಅದು ಅರಳಿದ ಸುಣ್ಣವಾಗಿ 2.22 ಗ್ರಾಂ ಮಾತ್ರ ಇದ್ದಿತು. ಅಂದರೆ ಸುಣ್ಣ ಒಂದು ಪಾಲಾದರೆ ಮರಳು ತೂಕದಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು. ಆ ಮರಳನ್ನು ಜರಡಿ ಹಿಡಿದು ಕಣಗಳ ಗಾತ್ರವನ್ನೂ ಬಣ್ಣವನ್ನೂ ನೋಡಿದರೆ ಅದು ಯಾವ ಹೊಳೆಯದೆಂದು ಊಹಿಸಲು ಆಧಾರ ದೊರೆಯುತ್ತದೆ.

ಆದರೆ ಮರಳಿನಲ್ಲಿಯೇ ಚಿಪ್ಪು ಅಥವಾ ಸುಣ್ಣಕಲ್ಲಿನ ಚೂರುಗಳಿದ್ದರೆ ಅವೂ ಕರಗಿ ಲೆಕ್ಕ ತಪ್ಪುತ್ತದೆ. ಆದಕಾರಣ ತೆಳುವಾಗಿ ಕೊಯ್ದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ಕ್ಷಕಿರಣದಿಂದ ಖನಿಜಗಳನ್ನು ಗುರುತಿಸುವುದು ಅವಶ್ಯ. ಬೆಲ್ಲ, ಅಳಲೆಕಾಯಿ ಮೊದಲಾದವನ್ನು ಬೆರೆಸುತ್ತಿದ್ದ ಸಂಪ್ರದಾಯವಿದ್ದರೂ ಪ್ರತಿಯೊಂದು ಹಳೆಯ ಗೋಡೆಗೂ ಅದನ್ನು ಆರೋಪಿಸುವುದು ಇತಿಹಾಸವಲ್ಲ. ಜೈವಿಕ ದ್ರವ್ಯಗಳು ಶತಮಾನಗಳಲ್ಲಿ ನಶಿಸುವುದರಿಂದ ಅವು ಕಾಣದಿದ್ದ ಮಾತ್ರಕ್ಕೆ ಇರಲೇ ಇಲ್ಲವೆನ್ನುವುದೂ ಸಲ್ಲದು. ಎಲ್ಲೋರದ ಗುಹೆಗಳ ಮಣ್ಣಿನ ಗಿಲಾವಿನಲ್ಲಿ ಭಂಗಿಯ ನಾರಿದ್ದುದು 2016ರಲ್ಲಿ ಪ್ರಕಟವಾದದ್ದು ಪರೀಕ್ಷೆಯಿಂದಲೇ.

ಈ ಶ್ರಮದ ಪ್ರಯೋಜನ ಕೇವಲ ಪಾಂಡಿತ್ಯವಲ್ಲ. 1824ರಲ್ಲಿ ಪೇಟೆಂಟು ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಇಂದು ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿ-ಮಠಗಳ ಗೋಡೆಗಳನ್ನೂ ಮುಚ್ಚುತ್ತಿದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಬಿಗಿಯಾದ ಸಿಮೆಂಟು ತಡೆಯುತ್ತದೆ. ತಡೆಯಲ್ಪಟ್ಟ ತೇವ ಇಟ್ಟಿಗೆಯ ಅಥವಾ ಮೃದುವಾದ ಕಲ್ಲಿನ ಮೂಲಕವೇ ಹೊರಟು, ಜೊತೆಯಲ್ಲಿ ಬಂದ ಲವಣ ಅಲ್ಲಿಯೇ ಹರಳುಗಟ್ಟಿ ಮೈಯನ್ನು ಪುಡಿಮಾಡುತ್ತದೆ. ಸಂದಿನ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಅದೇ ಮೊದಲು ಸವೆದು ಕಲ್ಲನ್ನು ಉಳಿಸಬೇಕು. ಗಾರೆಯನ್ನು ಮತ್ತೆ ತುಂಬಬಹುದು, ಕೆತ್ತನೆಯನ್ನು ಮತ್ತೆ ತರಲಾಗದು.

ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಗೋಡೆಯ ಸುಣ್ಣದ ಚಿಂತೆ ಏಕೆಂದು ಕೇಳುವವರುಂಟು. ಪ್ರಶ್ನೆ ಯುಕ್ತವಾದುದೇ. ಆದರೆ ಅದೇ ಶರಣರು ಕಾಯಕವನ್ನೂ ಹಿರಿದೆಂದರು. ಸುಣ್ಣ ಸುಟ್ಟವನ, ಎತ್ತಿನ ಗಾಣದಲ್ಲಿ ಗಾರೆ ಅರೆದವನ ಹೆಸರು ಯಾವ ಶಾಸನದಲ್ಲಿಯೂ ಸಾಮಾನ್ಯವಾಗಿ ದೊರೆಯದು. ಅವನ ಹದವರಿತ ಕಾಯಕ ಮಾತ್ರ ಆ ಸಂದುಗಳಲ್ಲಿ ಉಳಿದಿದೆ. ಮಠಮಾನ್ಯಗಳ ಆಡಳಿತಗಾರರೂ ಭಕ್ತರೂ ದುರಸ್ತಿಗೆ ಮುನ್ನ ಹಿಡಿಯಷ್ಟು ಹಳೆಯ ಗಾರೆಯನ್ನು ತಜ್ಞರಿಂದ ಪರೀಕ್ಷಿಸಿ, ಆ ವರದಿಯನ್ನು ಮಠದ ಕಡತದಲ್ಲಿ ಇರಿಸುವುದು ಲೇಸು. ಅಷ್ಟಾದರೆ ಅಜ್ಞಾತ ಕಾಯಕಜೀವಿಗಳ ಋಣ ಸ್ವಲ್ಪಮಟ್ಟಿಗಾದರೂ ಸಂದೀತು.