ಬಿಸಿನೀರಿನ ಮೂರ್ಛೆರೋಗ

ತಲೆಯ ಮೇಲೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಒಂದು ಬಗೆಯ ಅಪಸ್ಮಾರ. ಹೊರಗಿನ ಒಂದು ನಿರ್ದಿಷ್ಟ ಪ್ರಚೋದನೆ ತಾಗಿದಾಗಲೇ ಸೆಳವು ಬರುವ ರೋಗಗಳನ್ನು ವೈದ್ಯರು ಪ್ರತಿಫಲಿತ ಅಪಸ್ಮಾರಗಳೆಂದು ಒಟ್ಟಿಗೆ ಸೇರಿಸುತ್ತಾರೆ. ಅವುಗಳಲ್ಲಿ ಮಿಣುಕುವ ಬೆಳಕಿನಿಂದ ಬರುವುದನ್ನು ಲೋಕವೆಲ್ಲ ಬಲ್ಲದು. ಬಿಸಿನೀರಿನಿಂದ ಬರುವುದು ಬಹುತೇಕ ದೇಶಗಳಲ್ಲಿ ಬಲು ಅಪರೂಪವಾದರೂ ದಕ್ಷಿಣ ಕರ್ನಾಟಕದ ವೈದ್ಯರಿಗೆ ಪರಿಚಿತ ರೋಗವೇ. ಇದರ ಲಕ್ಷಣ, ಕಾರಣ, ಔಷಧಿಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಆಸ್ಪತ್ರೆಗಳಿಗೆ ಹಳ್ಳಿಗಳಿಂದ ಬಂದ ರೋಗಿಗಳು ಹೇಳಿದ ಮಾತುಗಳಿಂದ ಹುಟ್ಟಿದ್ದು.

ರೋಗವನ್ನು ತಿಳಿಯಬೇಕಾದರೆ ಮೊದಲು ಸ್ನಾನದ ಕ್ರಮವನ್ನು ನೋಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ, ಕ್ಯಾತಗಾನಚೆರ್ಲುವಿನಂಥ ಹಳ್ಳಿಗಳಲ್ಲಿ, ಮೈಗೆ ನೀರು ಹುಯ್ದುಕೊಳ್ಳುವುದು ಬೇರೆ, ತಲೆಗೆ ನೀರು ಹುಯ್ದುಕೊಳ್ಳುವುದು ಬೇರೆ. ತಲೆಸ್ನಾನ ವಾರಕ್ಕೊಮ್ಮೆಯೋ ಹಬ್ಬ ಹುಣ್ಣಿಮೆಗೋ ಆಗುತ್ತದೆ. ಅಂದು ಒಲೆಗೆ ಜಾಲಿ ಸೌದೆ ತುಂಬಿ ಹಂಡೆಯ ನೀರನ್ನು ಚೆನ್ನಾಗಿ ಕಾಯಿಸುತ್ತಾರೆ. ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ಉಜ್ಜಿ, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುತ್ತಾರೆ. ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ತೊಟ್ಟಿಯಲ್ಲಿ ಮಲಗಿ ಮೀಯುವವರ ನೆತ್ತಿಗೆ ಇಂಥ ಬಿಸಿ ಇಷ್ಟು ವೇಗದಲ್ಲಿ ಬೀಳುವುದೇ ಇಲ್ಲ. ಈ ಸುರಿತವೇ ರೋಗದ ಕೀಲಿ ಎಂಬುದು ವೈದ್ಯರಿಗೆ ಮನದಟ್ಟಾಗಲು ವರ್ಷಗಳೇ ಹಿಡಿದವು.

ಸೆಳವು ಸ್ನಾನದ ಆರಂಭದಲ್ಲೂ ಬರಬಹುದು, ಮುಗಿಯುವ ಹೊತ್ತಿಗೂ ಬರಬಹುದು. ಹಲವರು ಮೊದಲು ಮಂಕಾಗಿ ಒಂದೇ ಕಡೆ ನೋಡುತ್ತಾರೆ. ಕಾರಣವಿಲ್ಲದೆ ಭಯವಾಗುತ್ತದೆ, ಇದೆಲ್ಲ ಹಿಂದೆಯೇ ನಡೆದಂತೆ ತೋರುತ್ತದೆ, ಇಲ್ಲದ ದೃಶ್ಯ ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ. ಮಾತು ನಿಲ್ಲುತ್ತದೆ, ಇಲ್ಲವೇ ಸಂಬಂಧವಿಲ್ಲದ ಮಾತು ಹೊರಡುತ್ತದೆ. ಅರ್ಧ ನಿಮಿಷದಿಂದ ಮೂರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಸುಮಾರು ಮೂರನೇ ಒಂದು ಭಾಗದ ರೋಗಿಗಳಲ್ಲಿ ಮಾತ್ರ ಕೈಕಾಲು ಸೆಟೆದು ಇಡೀ ಮೈ ಅದುರುವ ದೊಡ್ಡ ಫಿಟ್ಸ್ ಬರುತ್ತದೆ. ಮಕ್ಕಳಲ್ಲಿ ಹೆಚ್ಚು, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಇನ್ನೊಂದು ಲಕ್ಷಣ ಮನೆಯವರನ್ನು ಬಹಳ ಕಂಗೆಡಿಸುತ್ತದೆ: ಕೆಲವರು ಸೆಳವು ಶುರುವಾದ ಮೇಲೂ, ಒಂದು ಬಗೆಯ ಸುಖಕ್ಕೆ ಸಿಕ್ಕಿಬಿದ್ದು, ಪ್ರಜ್ಞೆ ತಪ್ಪುವವರೆಗೆ ಬಿಸಿನೀರು ಹುಯ್ದುಕೊಳ್ಳುತ್ತಲೇ ಇರುತ್ತಾರೆ. ಅದನ್ನು ಹಟವೆಂದೋ ಕೆಟ್ಟ ಚಾಳಿಯೆಂದೋ ಗದರಿಸುವುದು ಅನ್ಯಾಯ. ಅದೂ ಮಿದುಳಿನ ಅದೇ ಸೆಳವಿನ ಭಾಗ.

ಮಿದುಳಿನೊಳಗೆ ಆಗ ಏನಾಗುತ್ತದೆ? ನರಕೋಶವೊಂದು ಸುಮ್ಮನಿರುವಾಗ ಅದರ ಪೊರೆಯ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿದ್ಯುದಂಶದಲ್ಲಿರುತ್ತದೆ. ಪೊರೆಯಲ್ಲಿ ಕೆರೆಯ ತೂಬಿನಂಥ ಸಣ್ಣ ದಾರಿಗಳಿವೆ. ಸೋಡಿಯಂ ದಾರಿ ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗಿ, ಕೋಶದುದ್ದಕ್ಕೂ ವಿದ್ಯುತ್ ಅಲೆ ಓಡುತ್ತದೆ. ಇದರ ಲೆಕ್ಕವನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಬಿಡಿಸಿಟ್ಟರು. ಅಲೆ ಕೋಶದ ತುದಿ ಮುಟ್ಟಿದಾಗ ಅಲ್ಲಿಂದ ರಾಸಾಯನಿಕವೊಂದು ಸುರಿದು ಮುಂದಿನ ಕೋಶಕ್ಕೆ ತಾಗುತ್ತದೆ. ಗ್ಲುಟಮೇಟ್ ಆದರೆ ಮುಂದಿನ ಕೋಶ ಕೆರಳುತ್ತದೆ. ಗಾಬಾ ಆದರೆ ತಣ್ಣಗಾಗುತ್ತದೆ. ಇವೆರಡರ ಸಮತೋಲದಲ್ಲಿ ನಮ್ಮ ನೆನಪು, ಮಾತು, ನಡಿಗೆ ಎಲ್ಲವೂ ನಡೆಯುತ್ತವೆ. ಆ ಸಮತೋಲ ತಪ್ಪಿ ಸಾವಿರಾರು ಕೋಶಗಳು ಒಟ್ಟೊಟ್ಟಿಗೆ ಕೆರಳಿದರೆ ಅದೇ ಸೆಳವು. ಮೂರ್ಛೆಯೆಂದರೆ ಮಿದುಳಿನ ಬೂದುಭಾಗದ ಹಠಾತ್ ಅತಿಯಾದ ವಿಸರ್ಜನೆ ಎಂದು ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ 1870ರ ದಶಕದಲ್ಲೇ ಊಹಿಸಿದ್ದರು. 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಮಿದುಳಿನ ವಿದ್ಯುತ್ತನ್ನು ಕಾಗದದ ಮೇಲೆ ದಾಖಲಿಸಿದ ವರದಿ ಪ್ರಕಟಿಸಿದ ಮೇಲೆ ಆ ಊಹೆ ಕಣ್ಣಿಗೆ ಕಾಣುವಂತಾಯಿತು.

ಔಷಧಿಗಳ ಇತಿಹಾಸ ಇದಕ್ಕಿಂತ ವಿಚಿತ್ರ. ಮದ್ದು ಮೊದಲು ಸಿಕ್ಕಿತು, ಅದು ಕೆಲಸ ಮಾಡುವ ಬಗೆ ಆಮೇಲೆ ತಿಳಿಯಿತು. 1857ರಲ್ಲಿ ಚಾರ್ಲ್ಸ್ ಲೋಕಾಕ್ ಬ್ರೋಮೈಡ್ ಉಪ್ಪಿನ ಬಳಕೆಯನ್ನು ತಿಳಿಸಿದರು. 1912ರಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್, ನಿದ್ದೆಗಾಗಿ ಕೊಡುತ್ತಿದ್ದ ಫಿನೋಬಾರ್ಬಿಟಾಲ್ ಮೂರ್ಛೆಯನ್ನು ತಡೆಯುತ್ತದೆಂದು ಕಂಡುಕೊಂಡರು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ತಲೆಮಾರುಗಳಿಂದ ‘ಗಾರ್ಡಿನಾಲ್ ಮಾತ್ರೆ’ ಎಂದು ಕರೆಯುತ್ತ ಬಂದಿರುವುದು ಇದನ್ನೇ. ಗಾಬಾ ತೆರೆಯುವ ದಾರಿಯನ್ನು ಇದು ಹೆಚ್ಚು ಹೊತ್ತು ತೆರೆದಿಡುತ್ತದೆ. ಬೆಲೆ ಕಡಿಮೆ, ಆದರೆ ಮಂಪರು ತರಿಸುತ್ತದೆ. 1938ರಲ್ಲಿ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ಅನ್ನು ಬಳಕೆಗೆ ತಂದರು. ಅದು ಪದೇ ಪದೇ ಕೆರಳುವ ಕೋಶದ ಸೋಡಿಯಂ ದಾರಿಯನ್ನು ಮುಚ್ಚಿಹಿಡಿಯುತ್ತದೆ. ಹಾಗಾಗಿ ಮಂಪರು ಕಡಿಮೆ, ಆದರೆ ದೀರ್ಘಕಾಲ ನುಂಗಿದವರ ವಸಡು ಊದಬಹುದು. ಕಾರ್ಬಮಜೆಪಿನ್ ಕೂಡ ಸೋಡಿಯಂ ದಾರಿಯ ಮದ್ದೇ. ಬೆಂಗಳೂರಿನ ವೈದ್ಯರ ಎದುರಿಗೆ ಬಿಸಿನೀರಿನ ರೋಗಿಗಳು ಬಂದು ಕೂತಾಗ ಅವರ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಇಷ್ಟೇ.

ಈ ರೋಗವನ್ನು ಮೊದಲು ವರದಿ ಮಾಡಿದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ. ಐ. ಎಂ. ಅಲನ್ ಎಂಬ ವೈದ್ಯರು ಹತ್ತು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಮುಂದೆ ಬೇರೆ ಬೇರೆ ದೇಶಗಳಿಂದ ಒಂದೊಂದೇ ರೋಗಿಯ ವಿವರಗಳು ಬಂದವು. ಕುತೂಹಲದ ಸಂಗತಿಯೆಂದು ಓದಿ ಬದಿಗಿಡುವಂಥವು. ಅದು ಕುತೂಹಲದ ಸಂಗತಿಯಲ್ಲ, ಒಂದು ಪ್ರದೇಶದ ಜನರ ರೋಗ ಎಂದು ತೋರಿಸಿದವರು ಡಾ. ಕೆ. ಎಸ್. ಮಣಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯಲ್ಲಿ ನರರೋಗ ಚಿಕಿತ್ಸೆಯ ತಳಪಾಯ ಹಾಕಿದವರಲ್ಲಿ ಮಣಿಯವರೂ ಒಬ್ಬರು. 1968ರಲ್ಲಿ ಅವರೂ ಸಂಗಡಿಗರೂ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಮೊದಲ ವರದಿ ಪ್ರಕಟಿಸಿದರು. 1972ಕ್ಕೆ 60 ರೋಗಿಗಳು, 1974ರ ಹೊತ್ತಿಗೆ 108. ಒಂದೇ ಊರಿನಿಂದ ಇಷ್ಟು ದೊಡ್ಡ ಸಂಖ್ಯೆ ಬಂದದ್ದು ಹೊರಗಿನ ವೈದ್ಯಲೋಕಕ್ಕೆ ಹೊಸದು. ಅವರ ದೊಡ್ಡ ಸಾಧನೆ ಉಪಕರಣದ್ದಲ್ಲ ಎಂದೇ ಹೇಳಬೇಕು. ಈ ರೋಗಿಗಳ ಮಿದುಳಿನ ವಿದ್ಯುತ್ ಚಿತ್ರ ಸೆಳವಿಲ್ಲದ ಸಮಯದಲ್ಲಿ ಬಹುಪಾಲು ಸಹಜವಾಗಿಯೇ ಇರುತ್ತದೆ. ‘ಫಿಟ್ಸ್ ಬಂದಾಗ ಏನು ಮಾಡುತ್ತಿದ್ದೆ?’ ಎಂದು ಕೇಳಿ, ಬಚ್ಚಲುಮನೆಯ ಉತ್ತರವನ್ನು ತಳ್ಳಿಹಾಕದೆ ಬರೆದುಕೊಂಡದ್ದರಿಂದಲೇ ರೋಗ ಕೈಗೆ ಸಿಕ್ಕಿತು.

ಮುಂದೆ ಈ ಕೆಲಸವನ್ನು ದಶಕಗಳ ಕಾಲ ಹಿಡಿದು ನಡೆಸಿದವರು ಪಿ. ಸತೀಶ್ಚಂದ್ರ; ಅವರು ಆಮೇಲೆ ನಿಮ್ಹಾನ್ಸ್ ನಿರ್ದೇಶಕರೂ ಆದರು. 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ 279 ರೋಗಿಗಳ ಅಧ್ಯಯನ ಇಂದಿಗೂ ಈ ವಿಷಯದ ಆಧಾರಗ್ರಂಥದಂತಿದೆ. ಜ್ವರದ ಫಿಟ್ಸಿಗೂ ಇದಕ್ಕೂ ನಂಟಿದೆಯೇ, ತಲೆಯೊಳಗಿನ ಉಷ್ಣ ನಿಯಂತ್ರಣವೇ ಸಡಿಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಜಿ. ಆರ್. ಉಲ್ಲಾಳ್, ಸತೀಶ್ಚಂದ್ರ ಹಾಗೂ ಮಿದುಳು ಅಂಗಾಂಶ ತಜ್ಞ ಎಸ್. ಕೆ. ಶಂಕರ್ ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ನೋಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಮೈಯ ಬಿಸಿ ಒಂದು ಹಂತ ದಾಟಿದಾಗ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಸೆಳವಿನ ಅಲೆಗಳು ಎದ್ದವು. ಮತ್ತೆ ಮತ್ತೆ ಹಾಗೆ ಮಾಡಿದರೆ ಸೆಳವಿಗೆ ಮೊದಲಿನಷ್ಟು ಬಿಸಿಯೂ ಬೇಕಾಗಲಿಲ್ಲ. ಮನುಷ್ಯರಲ್ಲಿ ಸೆಳವಿನ ಸಮಯದಲ್ಲಿ ತೆಗೆದ ಸ್ಪೆಕ್ಟ್ ಸ್ಕ್ಯಾನುಗಳೂ ಮಿದುಳಿನ ಕಪೋಲ ಪಾಲಿಯ (ಟೆಂಪೊರಲ್ ಲೋಬ್) ಒಳಭಾಗ ಮತ್ತು ಮೈಯ ಬಿಸಿಯನ್ನು ಹಿಡಿತದಲ್ಲಿಡುವ ಹೈಪೋಥಲಾಮಸ್ ಕಡೆಗೇ ಬೆರಳು ಮಾಡಿದವು. ಭಯ, ಹಳೆಯದೆನ್ನಿಸುವ ಅನುಭವ, ಇಲ್ಲದ ದನಿ ಇವೆಲ್ಲ ಯಾಕೆ ಬರುತ್ತವೆ ಎಂಬುದಕ್ಕೆ ಇದು ತಕ್ಕ ವಿವರಣೆ. ಆ ಅನುಭವಗಳ ನೆಲೆಯೇ ಕಪೋಲ ಪಾಲಿ.

ಇಲಿಗಳ ಪ್ರಯೋಗ ಹೇಳಿದ ಇನ್ನೊಂದು ಮಾತು ಹಳ್ಳಿಯ ಮನೆಗಳಿಗೆ ಬಹಳ ಮುಖ್ಯ. ‘ಸ್ನಾನ ಮಾಡುವಾಗ ಮಾತ್ರ ತಾನೆ, ಬೆಳೆದ ಮೇಲೆ ಹೋಗುತ್ತೆ’ ಎಂದು ಬಿಟ್ಟವರಲ್ಲಿ ಒಂದು ಪಾಲು ಜನರಿಗೆ ಕೆಲವು ವರ್ಷಗಳ ನಂತರ ನೀರಿನ ಸೋಂಕಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ಬೇರೆ ಬೇರೆ ಅಧ್ಯಯನಗಳಲ್ಲಿ ಈ ಪಾಲು ಶೇ. 16ರಿಂದ 38ರವರೆಗೆ ಇದೆ. ಕೆರಳಿದ ದಾರಿಯಲ್ಲೇ ಮತ್ತೆ ಮತ್ತೆ ಕೆರಳಿದ ಮಿದುಳು ಅದನ್ನು ರೂಢಿ ಮಾಡಿಕೊಳ್ಳುತ್ತದೆ ಎಂಬುದು ಸಂಶೋಧಕರ ತರ್ಕ. ಬೇಗ ತಡೆಯಬೇಕೆನ್ನುವುದು ಅದಕ್ಕೇ.

ತಡೆಯುವ ಉಪಾಯ ಸರಳ. ಮೊದಲನೆಯದು ನೀರಿನ ಬಿಸಿ ಇಳಿಸುವುದು. ಉಗುರುಬೆಚ್ಚಗಿನ ನೀರಲ್ಲಿ, ನಿಧಾನಕ್ಕೆ, ತಲೆ ಬಿಟ್ಟು ಮೈಗೆ ಮೊದಲು ಹುಯ್ದುಕೊಂಡರೆ ಹಲವರಿಗೆ ಅಷ್ಟೇ ಸಾಕು. ಅದು ಸಾಲದವರಿಗೆ ಕ್ಲೋಬಜಾಮ್ ಮಾತ್ರೆ. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ 5ರಿಂದ 10 ಮಿಲಿಗ್ರಾಂ, ವೈದ್ಯರು ಹೇಳಿದ ಅಳತೆಯಲ್ಲಿ. ಇದು ಗಾಬಾದ ದಾರಿ ಹೆಚ್ಚು ಸಲ ತೆರೆಯುವಂತೆ ಮಾಡುವ ಬೆಂಜೊಡಯಜೆಪಿನ್ ಗುಂಪಿನ ಔಷಧಿ. ದಿನವೂ ನುಂಗಿದರೆ ಈ ಗುಂಪಿನ ಮದ್ದುಗಳಿಗೆ ನರಕೋಶಗಳು ಒಗ್ಗಿಹೋಗಿ ಪರಿಣಾಮ ಕುಗ್ಗುತ್ತದೆ. ತಲೆಸ್ನಾನದ ದಿನ ಮಾತ್ರ ನುಂಗಿದರೆ ಆ ತೊಡಕು ಕಡಿಮೆ, ಮಂಪರು ಕಡಿಮೆ, ಖರ್ಚೂ ಕಡಿಮೆ. ನೀರಿಲ್ಲದೆಯೂ ಫಿಟ್ಸ್ ಬರುವವರಿಗೆ ಮಾತ್ರ ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ದಿನನಿತ್ಯದ ಮಾತ್ರೆ ಬೇಕು, ಅದನ್ನು ತಟ್ಟನೆ ನಿಲ್ಲಿಸಬಾರದು. ನರಮಂಡಲಕ್ಕೆ ಕೊಡುವ ಮದ್ದುಗಳ ಇತಿಹಾಸದಲ್ಲಿ ಇಷ್ಟು ಹಿತಮಿತವಾದ ಚಿಕಿತ್ಸೆಗಳು ಹೆಚ್ಚಿಲ್ಲ.

ಹಾಗಾದರೆ ಒಂದೇ ಹಂಡೆಯ ನೀರಲ್ಲಿ ಮಿಂದ ಮನೆಮಂದಿಯಲ್ಲಿ ಒಬ್ಬನಿಗೆ ಯಾಕೆ? ಸ್ನಾನದ ಕ್ರಮವೊಂದೇ ಕಾರಣವಾಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದನ್ನು ಗಮನಿಸಿ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ವಂಶವಾಹಿಗಳ ಹುಡುಕಾಟ ನಡೆಸಿತು. 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳ ಮೇಲೆ ಎರಡು ಜಾಗಗಳನ್ನು ಗುರುತಿಸಲಾಯಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯ ಅಪರೂಪದ ವ್ಯತ್ಯಾಸಗಳು ಕೆಲವು ರೋಗಿಗಳಲ್ಲಿ ಕಂಡವು. ನರಕೋಶಗಳ ನಡುವೆ ಸುರಿದ ಗ್ಲುಟಮೇಟನ್ನು ಹಿಂದಕ್ಕೆ ಎಳೆದುಕೊಳ್ಳುವ ಪ್ರೋಟೀನನ್ನು ತಯಾರಿಸುವುದು ಈ ವಂಶವಾಹಿಯ ಕೆಲಸ. ಆ ಕೆಲಸ ಕುಂಟಿದರೆ ಕೋಶಗಳು ಸುಲಭವಾಗಿ ಕೆರಳುತ್ತವೆ. ಒಂದೇ ವಂಶವಾಹಿ ಎಲ್ಲ ಕುಟುಂಬಗಳಿಗೂ ಉತ್ತರವಾಗದು, ಜಾಗಗಳು ಹಲವಿವೆ.

ವಂಶವಾಹಿಯ ಜೊತೆಗೆ ಸ್ನಾನದ ಕ್ರಮಕ್ಕೂ ಪಾಲಿದೆ ಎಂಬುದನ್ನು ಇತರ ದೇಶಗಳ ಹೋಲಿಕೆ ಪುಷ್ಟಿಗೊಳಿಸುತ್ತದೆ. ಟರ್ಕಿಯಲ್ಲಿ ಬೋಗುಣಿಯಿಂದ ತಲೆಗೆ ಬಿಸಿನೀರು ಸುರಿದುಕೊಳ್ಳುವ ವಾಡಿಕೆಯಿದೆ; ಅಲ್ಲಿಂದಲೂ ಸಾಲು ಸಾಲು ರೋಗಿಗಳ ವರದಿ ಬಂದಿದೆ. ಜಪಾನಿನಲ್ಲಿ ತೊಟ್ಟಿಯ ಬಿಸಿನೀರಿಗೆ ಇಳಿಸಿದ ಎಳೆಯ ಮಕ್ಕಳಲ್ಲಿ ಕಾಣುವುದು ತುಸು ಬೇರೆ ರೂಪ.

ಪ್ರಯೋಗಾಲಯದಲ್ಲಿ ಗೆದ್ದದ್ದು ಹಳ್ಳಿಗೆ ಮುಟ್ಟುವುದು ಬೇರೆಯದೇ ಕೆಲಸ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವುದು ಇಂದಿಗೂ ನಡೆದಿದೆ. ಫಿಟ್ಸ್ ತಾನಾಗಿ ಎರಡು ಮೂರು ನಿಮಿಷದಲ್ಲಿ ನಿಲ್ಲುವುದರಿಂದ ಬೀಗದಕೈಗೆ ಹೆಸರು ಬಂದಿದೆ. ಇದಕ್ಕೆ ಜನರನ್ನು ಜರೆಯುವುದಕ್ಕಿಂತ ಮಾತ್ರೆಯನ್ನು ಹತ್ತಿರ ತರುವುದೇ ಸರಿಯಾದ ದಾರಿ ಎಂದು ತೋರಿಸಿದ್ದು ಯಳಂದೂರು ತಾಲ್ಲೂಕು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಅಲ್ಲಿ ಕುಷ್ಠರೋಗದ ಕೆಲಸದಿಂದ ಮನೆ ಮನೆ ಬಲ್ಲದಾಗಿತ್ತು. ಮಣಿಯವರ ತಂಡ ಆ ತಾಲ್ಲೂಕಿನಲ್ಲಿ 64,963 ಜನರನ್ನು ಸಮೀಕ್ಷೆ ಮಾಡಿ, ಸಾವಿರಕ್ಕೆ 4.63ರಷ್ಟು ಮಂದಿಗೆ ಮೂರ್ಛೆರೋಗವಿದೆಯೆಂದು 1998ರಲ್ಲಿ ವರದಿ ಮಾಡಿತು. ಅಗ್ಗದ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ತಪ್ಪದೆ ಕೊಟ್ಟರೆ ಹಳ್ಳಿಯ ರೋಗಿಗಳಲ್ಲೂ ಬಹುಪಾಲು ಜನರ ಫಿಟ್ಸ್ ನಿಲ್ಲುತ್ತದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು ಎಂಬ ಅವರ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ನಿಮ್ಹಾನ್ಸ್‌ನ ಗೌರಿದೇವಿ, ಗುರುರಾಜ್, ಸತೀಶ್ಚಂದ್ರ, ಸುಬ್ಬಕೃಷ್ಣ ಅವರು ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಜನರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ಇತ್ತು. ಹಳ್ಳಿಗೆ ಇಮ್ಮಡಿ ರೋಗ. ಡಾಕ್ಟರು ಮಾತ್ರ ನಗರದಲ್ಲಿ.

ಈ ಅಂತರವನ್ನು ಕಡಿಮೆ ಮಾಡಲು ನಿಮ್ಹಾನ್ಸ್ ಗೌರಿಬಿದನೂರು, ಮಧುಗಿರಿ, ಕನಕಪುರ ಮುಂತಾದ ಕಡೆ ವಿಸ್ತರಣಾ ಶಿಬಿರಗಳನ್ನು ನಡೆಸಿತು. ಬೆಂಗಳೂರಿನಿಂದ ದೂರವಿರುವ ಈ ಒಣ ತಾಲ್ಲೂಕುಗಳಲ್ಲಿ ಕೂಲಿ ಬಿಟ್ಟು, ಬಸ್ಸು ಹಿಡಿದು, ರಾಜಧಾನಿಯ ಹೊರರೋಗಿ ಸಾಲಿನಲ್ಲಿ ನಿಲ್ಲುವ ಒಂದು ದಿನ ಉಳಿದರೆ ಮಾತ್ರೆ ತಪ್ಪುವುದೂ ನಿಲ್ಲುತ್ತದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನರರೋಗಗಳನ್ನು ಗುರುತಿಸುವ ತರಬೇತಿ ಕೊಡುತ್ತಿದೆ. ಆ ವೈದ್ಯರು ಫಿಟ್ಸಿನ ಮಗುವಿನ ತಾಯಿಯನ್ನು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ತಲೆಸ್ನಾನದ ನೀರಿನ ಬಿಸಿಯೂ ಇರಬೇಕು.